ಅಮೆರಿಕದ ನಗರ ಶಾಲೆಗಳಲ್ಲಿ ಆನರ್ಸ್ ತರಗತಿಗಳನ್ನು (ಓದಿನಲ್ಲಿ ಮುಂದಿರುವ ಮಕ್ಕಳಿಗೆ ಪ್ರತ್ಯೇಕವಾಗಿ ನಡೆಸುವ ಮೇಲಿನ ಹಂತದ ತರಗತಿಗಳು) ತೆಗೆದುಹಾಕಿದರೆ ಮಕ್ಕಳ ನಡುವಿನ ಕಲಿಕೆಯ ಅಂತರ ತಗ್ಗುತ್ತದೆಯೇ?

ತೆಗೆದುಹಾಕಿದ ಮಾತ್ರಕ್ಕೆ ತಗ್ಗುವುದಿಲ್ಲ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ನಗರವೇ ಉದಾಹರಣೆ. ಮೇಲಿನ ಹಂತದ ಗಣಿತ ತರಗತಿಗಳಲ್ಲಿ ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ತೀರಾ ಕಡಿಮೆ ಎಂಬ ನ್ಯಾಯವಾದ ಕಳವಳದಿಂದ ಅಲ್ಲಿನ ಸರ್ಕಾರಿ ಶಾಲೆಗಳು 2014ರಲ್ಲಿ ಎಂಟನೇ ತರಗತಿಯ ಆಲ್ಜೀಬ್ರಾವನ್ನು ಎಲ್ಲರಿಗೂ ಒಂಬತ್ತನೆಯದಕ್ಕೆ ಮುಂದೂಡಿದವು. ಆದರೆ ಆಲ್ಜೀಬ್ರಾ, ಜ್ಯಾಮಿತಿ, ಎರಡನೇ ಆಲ್ಜೀಬ್ರಾ, ಪ್ರೀಕ್ಯಾಲ್ಕುಲಸ್ ಒಂದೊಂದೂ ಒಂದು ವರ್ಷ ಹಿಡಿಯುವುದರಿಂದ, ಒಂಬತ್ತರಲ್ಲಿ ಆರಂಭಿಸಿದ ವಿದ್ಯಾರ್ಥಿ ಎರಡು ಪಠ್ಯಗಳನ್ನು ಒಂದೇ ವರ್ಷದಲ್ಲಿ ಓದಿ ಮುಗಿಸದ ಹೊರತು ಹನ್ನೆರಡನೇ ತರಗತಿಯಲ್ಲಿ ಕ್ಯಾಲ್ಕುಲಸ್ ತಲುಪುವಂತಿರಲಿಲ್ಲ. ಅನುಕೂಲಸ್ಥರು ಹಣ ಕೊಟ್ಟು ಹೊರಗಿನ ಕೋರ್ಸ್ ಮಾಡಿಸಿದರು; ಇಲ್ಲದವರಿಗೆ ಆ ದಾರಿಯೂ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಮತದಾರರು ಭಾರೀ ಬಹುಮತದಿಂದ ಎಂಟನೇ ತರಗತಿಯ ಆಲ್ಜೀಬ್ರಾ ಮರಳಲಿ ಎಂದರು.

ಹಾಗೆಂದು ಹಳೆಯ ವಿಂಗಡಣೆಯೂ ಸರಿಯಲ್ಲ: ಶಿಕ್ಷಕರ ಶಿಫಾರಸು ಮತ್ತು ಪೋಷಕರ ಒತ್ತಾಯದ ಮೇಲೆ ನಿಂತ ಆಯ್ಕೆಯಲ್ಲಿ, ಹೋಗಿ ಕೇಳಬೇಕೆಂದೇ ತಿಳಿಯದ ಮನೆಯ ಮಗು ಎಷ್ಟೇ ಚುರುಕಾಗಿದ್ದರೂ ಹೊರಗುಳಿಯುತ್ತದೆ. ಟೆಕ್ಸಾಸ್‌ನ ಡಲ್ಲಾಸ್ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅಲ್ಲಿ 2019ರಿಂದ ಅರ್ಹ ಮಕ್ಕಳನ್ನು ಶಾಲೆಯೇ ಆನರ್ಸ್‌ಗೆ ಸೇರಿಸಿ, ಪೋಷಕರು ಬೇಡವೆಂದರೆ ಮಾತ್ರ ಕೈಬಿಡತೊಡಗಿದ ಮೇಲೆ ಎಂಟನೇ ತರಗತಿಯ ಆಲ್ಜೀಬ್ರಾದಲ್ಲಿ ಕಪ್ಪು ಹಾಗೂ ಲ್ಯಾಟಿನೋ ಮಕ್ಕಳ ಪಾಲು ಗಣನೀಯವಾಗಿ ಏರಿತು. 2023ರಲ್ಲಿ ಟೆಕ್ಸಾಸ್ ರಾಜ್ಯವೂ ಐದನೇ ತರಗತಿಯ ಗಣಿತದಲ್ಲಿ ಮುಂದಿರುವ ಶೇ. 40ರಷ್ಟು ಮಕ್ಕಳಿಗೆ ಇಂಥದೇ ಕ್ರಮವನ್ನು ಕಾನೂನಾಗಿಸಿತು.