ದೂರು ಹೇಳಿದವರ ಕೈಗೇ ಸೌಟು

ಚಿಕ್ಕಮಗಳೂರು ಜಿಲ್ಲೆಯ ಕ್ಯಾಥೊಲಿಕ್ ಧರ್ಮಕೇಂದ್ರವೊಂದರಲ್ಲಿ (ಪ್ಯಾರಿಷ್) ಗುರುಗಳಿಗೆ, ಅಂದರೆ ಪಾದ್ರಿಗಳಿಗೆ, ನೆರವಾಗುವ ಪಾಲನಾ ಪರಿಷತ್ತಿನ ಕಾರ್ಯದರ್ಶಿಯೊಬ್ಬರು ಹೀಗೆ ಬರೆದಿದ್ದಾರೆ: “ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟದಲ್ಲಿ ಸೇವಕ ನಾಯಕತ್ವದ ಉಪನ್ಯಾಸ ಕೇಳಿದಂದಿನಿಂದ ನಮ್ಮ ಗುರುಗಳು ಎಲ್ಲರ ಮಾತಿಗೂ ಕಿವಿಗೊಟ್ಟು ಕೂರುತ್ತಾರೆ. ತೋಟದ ಲೈನಿನವರು, ಅಂದರೆ ಕೂಲಿಕಾರರ ಸಾಲುಮನೆಗಳವರು, ತಮ್ಮ ವಿಧವೆಯರಿಗೆ ಅಕ್ಕಿ ಸರಿಯಾಗಿ ತಲಪುತ್ತಿಲ್ಲವೆಂದು ಪ್ರತಿ ಸಭೆಯಲ್ಲೂ ದೂರುತ್ತಾರೆ. ಸಭೆ ಮುಗಿಯುವುದೇ ಇಲ್ಲ. ಗುರುಗಳೇ ಸೇವಕರಾಗಿಬಿಟ್ಟರೆ ಆಡಳಿತ ನಡೆಸುವವರು ಯಾರು?”

ಪ್ರಿಯ ಕಾರ್ಯದರ್ಶಿಗಳೇ, ನಿಮ್ಮ ಪ್ರಶ್ನೆಯಲ್ಲಿ ನ್ಯಾಯವಿದೆ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಗ್ರಂಥವಾದ 1983ರ ಧರ್ಮಸಭಾ ಸಂಹಿತೆಯ 536ನೆಯ ವಿಧಿಯ ಪ್ರಕಾರ ಪರಿಷತ್ತಿಗೆ ಇರುವುದು ಸಲಹೆ ನೀಡುವ ಹಕ್ಕು ಮಾತ್ರ. ಹೊಣೆಯೆಲ್ಲ ಗುರುಗಳ ಹೆಗಲ ಮೇಲಿದೆ. ತೀರ್ಮಾನ ಕೈಗೊಳ್ಳಲು ಅಂಜುವ ಗುರುಗಳಿಂದ ಯಾರಿಗೂ ಉಪಕಾರವಿಲ್ಲವೆಂಬುದನ್ನೂ ಒಪ್ಪುತ್ತೇನೆ.

ಆದರೆ ವಿಧವೆಯರ ಅಕ್ಕಿಯ ಮಾತು ಓದಿದೊಡನೆ ನಾನು ಬೈಬಲಿನಲ್ಲಿ, ಯೇಸು ಆರಿಸಿ ಕಳುಹಿಸಿದ ಶಿಷ್ಯರಾದ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದೆ. ನಿಮ್ಮ ಪರಿಷತ್ತಿನ ಜಗಳವೇ ಅಲ್ಲಿದೆ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಜೆರುಸಲೇಮಿನಲ್ಲಿ ಗ್ರೀಕ್ ಮಾತಿನ ವಿಶ್ವಾಸಿಗಳು ಹೀಬ್ರೂ ಮಾತಿನವರ ಮೇಲೆ ಗೊಣಗಿದರು. ಪ್ರೇಷಿತರು ಗೊಣಗಿದವರನ್ನು ಗದರಿಸಲಿಲ್ಲ. ಸಮುದಾಯವನ್ನೆಲ್ಲ ಕರೆದು, ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಸ: ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಹೇಳಿದ ಪಕ್ಷದವರ ಕೈಗೇ ಬಡಿಸುವ ಸೌಟು ಬಂತೆಂದು ಅನೇಕ ವಿದ್ವಾಂಸರು ಇದನ್ನು ಅರ್ಥೈಸುತ್ತಾರೆ, ನನಗೂ ಹಾಗೆಯೇ ತೋರುತ್ತದೆ. ಪ್ರಾರ್ಥನೆ ಮತ್ತು ಬೋಧನೆಗಾಗಿ ಪ್ರೇಷಿತರು ಬಡಿಸುವ ಕೆಲಸವನ್ನೇ ಬಿಟ್ಟರಲ್ಲವೆ ಎಂದು ನೀವು ಕೇಳಬಹುದು. ಬಿಟ್ಟರು, ನಿಜ, ಅದರ ಜೊತೆಗೆ ಆ ಕೆಲಸದ ಮೇಲಿನ ತಮ್ಮ ಹಿಡಿತವನ್ನೂ ಬಿಟ್ಟುಕೊಟ್ಟರು. ಅಕ್ಕಿಯ ಪಟ್ಟಿಯನ್ನು ತೋಟದ ಲೈನಿನ ಹೆಣ್ಣುಮಗಳೊಬ್ಬಳ ಕೈಗೆ ಕೊಡಬಹುದೆಂಬುದು ನಿಮ್ಮ ಪರಿಷತ್ತಿಗೆ ಒಮ್ಮೆಯಾದರೂ ಹೊಳೆದಿತ್ತೆ?

‘ಸೇವಕ ನಾಯಕತ್ವ’ ಎಂಬ ಮಾತನ್ನು ಆಡಳಿತ ತರಬೇತಿಯವರಿಗೆ ಕೊಟ್ಟವರು, ದೂರವಾಣಿ ಕಂಪನಿಯಲ್ಲಿ ದಶಕಗಳ ಕಾಲ ದುಡಿದ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್, ಅದು 1970ರಲ್ಲಿ. ನಿಮ್ಮ ಉಪನ್ಯಾಸಕರು ಅಲ್ಲಿಂದ ಆರಂಭಿಸಿರಬಹುದು. ಆದರೆ ಮೊದಲಿಗನಾಗಬಯಸುವವನು ಎಲ್ಲರಿಗೂ ದಾಸನಾಗಲಿ ಎಂಬ ಮಾತು ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿದೆ, ಮತ್ತು ಆರನೆಯ ಶತಮಾನದ ಕೊನೆಯಲ್ಲಿ ಜಗದ್ಗುರುವಾಗಿದ್ದ (ಪೋಪ್) ಮಹಾ ಗ್ರೆಗೊರಿ ತಮ್ಮನ್ನು ‘ದೇವರ ಸೇವಕರ ಸೇವಕ’ ಎಂದು ಕರೆದುಕೊಂಡರು.

ನನ್ನ ಬಾಲ್ಯದ ಧರ್ಮಕೇಂದ್ರದ ಗುರುಗಳು ಪ್ರತಿ ಸೋಮವಾರ ಬೆಳಿಗ್ಗೆ ಬಾಗಿಲ ಪಕ್ಕದ ಕಪ್ಪುಹಲಗೆಯ ಮೇಲೆ ಹಿಂದಿನ ದಿನದ ಕಾಣಿಕೆಯ ಮೊತ್ತವನ್ನೂ ವಾರದ ಖರ್ಚನ್ನೂ ಸೀಮೆಸುಣ್ಣದಲ್ಲಿ ತಾವೇ ಬರೆಯುತ್ತಿದ್ದರು. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ಅದನ್ನು ಓದಿಸಿಕೊಂಡು ಹೋಗುತ್ತಿದ್ದರು. ವಿಶ್ವಾಸಿಗಳು ಅರ್ಪಿಸಿದ್ದರ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆಂದು ಅದೇ ಸಂಹಿತೆಯ 1287ನೆಯ ವಿಧಿ ಹೇಳುವುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಬಳಿಕ. ಆ ಹಲಗೆ ಅದನ್ನು ಮೊದಲೇ ಕಲಿಸಿತ್ತು. ಆ ಗುರುಗಳು ಮೃದು ಸ್ವಭಾವದವರೇನೂ ಆಗಿರಲಿಲ್ಲ, ತಪ್ಪು ಕಂಡರೆ ವಿಶ್ವಾಸಿಗಳ ಮುಖಂಡನಾದ ಗುರಿಕಾರನನ್ನೂ ಎದುರಿಗೇ ಗದರಿಸುತ್ತಿದ್ದರು. ಆದರೂ ಅವರ ಅಧಿಕಾರವನ್ನು ಯಾರೂ ಪ್ರಶ್ನಿಸಿದ್ದು ನನಗೆ ನೆನಪಿಲ್ಲ.

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಹನ್ನೆರಡು ಮಂದಿಯ ಪಾದ ತೊಳೆಯುತ್ತೇವೆ. ವರ್ಷದ ಉಳಿದ ದಿನಗಳ ಮಾತೇ ಬೇರೆ. ಕೆಲವು ವರ್ಷಗಳ ಹಿಂದೆ ಒಂದು ದೇವಾಲಯದ ಜುಬಿಲಿಗೆ ಹೋಗಿದ್ದೆ. ಅತಿಥಿಗಳಿಗೆ ಬೇರೆ ಕೋಣೆ, ಬೇರೆ ಅಡುಗೆ, ಕೆತ್ತನೆಯ ಕುರ್ಚಿ, ಶಾಲು. ನಸುಕಿನ ನಾಲ್ಕು ಗಂಟೆಯಿಂದ ಒಲೆಯ ಮುಂದಿದ್ದ ಹೆಂಗಸರು ಮಧ್ಯಾಹ್ನ ಮೂರು ಗಂಟೆಗೆ ತಳದ ಅನ್ನ ಉಂಡರು. ಆ ಕೋಣೆಯಲ್ಲಿ ನಾನೂ ಕುಳಿತಿದ್ದೆ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ. ಆ ವ್ಯವಸ್ಥೆ ಮಾಡಿದವರು ಗುರುಗಳಲ್ಲ, ನಮ್ಮಂಥ ಗೃಹಸ್ಥರ ಸಮಿತಿ. ಗುರುಗಳನ್ನು ದೊರೆಗಳಂತೆ ಕೂರಿಸುವವರು ನಾವೇ. ದೊರೆಯ ಪಕ್ಕದಲ್ಲಿ ನಮಗೊಂದು ಕುರ್ಚಿ ಸಿಗುತ್ತದೆಂಬ ಆಸೆಯೂ ಅದರೊಳಗಿರುತ್ತದೆ.

ನಿಮ್ಮ ಗುರುಗಳು ಆ ಕುರ್ಚಿಯಿಂದ ಇಳಿದು ಬಂದಿರುವಾಗ ಅವರನ್ನು ಮತ್ತೆ ಮೇಲೆ ಕೂರಿಸಲು ಹವಣಿಸಬೇಡಿ. ಪತ್ರ ಬರೆಯುವಷ್ಟು ಕಾಳಜಿ ನಿಮಗಿದೆ, ಕಾರ್ಯಸೂಚಿ ಸಿದ್ಧಪಡಿಸುವವರೂ ನೀವೇ. ಮುಂದಿನ ಸಭೆಯಲ್ಲಿ ಅಕ್ಕಿಯ ವಿಷಯವನ್ನು ಕೊನೆಗೆ ಉಳಿಸದೆ ಮೊದಲಿಗೇ ಇರಿಸಿ, ಲೈನಿನವರಿಂದಲೇ ಇಬ್ಬರನ್ನು ಆರಿಸಿ ಪಟ್ಟಿ ಒಪ್ಪಿಸಿ, ಏನಾಯಿತೆಂದು ನನಗೆ ಬರೆಯಿರಿ.

— ಸಂಪಾದಕ