ಕಬ್ಬಿನ ಸಾಲಿನಲ್ಲಿ ಆ ಬೀಜ ಬೇಡ

ಪ್ರಶ್ನೆ: ಮೊಬೈಲ್‌ನಲ್ಲಿ ಗಾಂಜಾ ಬೀಜದ ಜಾಹೀರಾತು ನೋಡಿದೆ. ‘ಇಂಡಿಕಾ 70, ಸಟೈವಾ 30’ ಅನ್ನುವ ಹೈಬ್ರಿಡ್ ಅಂತೆ. ಗಿಡ ಗಿಡ್ಡ, 60 ದಿನಕ್ಕೆ ಕಟಾವು, ಬೀಜಕ್ಕೆ ಕಾನೂನಿನ ಅಡ್ಡಿ ಇಲ್ಲ ಎಂದಿದ್ದಾರೆ. ಔಷಧಿಗೆ ಕೊಳ್ಳುತ್ತಾರಂತೆ. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ, ಮೈಮೇಲೆ ಸಾಲ ಇದೆ. ಕಬ್ಬಿನ ನಡುವೆ ನಾಲ್ಕು ಸಾಲು ಹಾಕಿ ನೋಡಲೇ?
– ಓದುಗ, ಜಮಖಂಡಿ ತಾಲೂಕು

ಉತ್ತರ: ಬೇಡ. ನಾಲ್ಕು ಸಾಲು ಇರಲಿ, ಒಂದು ಗಿಡವೂ ಬೇಡ. ನಾನೂ ಕಬ್ಬು ಬೆಳೆಯುವವನು. ಬಿಲ್ಲು ತಡವಾದರೆ ಮನೆ ಹೇಗೆ ನಡೆಯುತ್ತದೆ ಅಂತ ಗೊತ್ತು. ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಮೊದಲು ಆ 70–30 ನೋಡೋಣ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡಕ್ಕೆ ಸಟೈವಾ ಅಂತ ಹೆಸರಿಟ್ಟ. 1785ರಲ್ಲಿ ಇನ್ನೊಬ್ಬ ವಿಜ್ಞಾನಿ ಲಾಮಾರ್ಕ್ ಭಾರತದಿಂದ ಹೋದ ಗಿಡ ನೋಡಿ, ಇದು ಬೇರೆ ಜಾತಿ ಎಂದು ಇಂಡಿಕಾ ಅಂದ. ಈಗ ಬೀಜ ಮಾರುವವರು ಇಂಡಿಕಾ ಅನ್ನುವುದು ಹಿಂದೂಕುಶ್ ಬೆಟ್ಟದ ಕಡೆಯ ಗಿಡ್ಡ ತಳಿಗಳಿಗೆ. ಅವು ಪೊದೆಯ ಹಾಗೆ ಹರಡುತ್ತವೆ, ಎಲೆ ಅಗಲ, ಹೂಗೊಂಚಲು ಗಟ್ಟಿ. ಸಟೈವಾ ಎತ್ತರ, ಎಲೆ ಸಪೂರ, ಹೂವು ಮಾಗುವುದು ನಿಧಾನ. ಹತ್ತಾರು ವರ್ಷಗಳಿಂದ ಎರಡನ್ನೂ ಎಷ್ಟು ಬೆರೆಸಿದ್ದಾರೆ ಅಂದರೆ, ಪಾಕೀಟಿನ ಮೇಲಿನ ಶೇಕಡಾ ಲೆಕ್ಕ ಬಹುಪಾಲು ಮಾರುವವರ ಅಂದಾಜು. ಇಂಡಿಕಾ ನಿದ್ದೆ ತರಿಸುತ್ತದೆ, ಸಟೈವಾ ಚುರುಕು ಮಾಡುತ್ತದೆ ಅನ್ನುವುದನ್ನೂ ನಂಬಬೇಡಿ. ಪರಿಣಾಮ ನಿಂತಿರುವುದು ಒಳಗಿನ ಟಿಎಚ್‌ಸಿ (ಅಮಲು ತರುವುದು ಇದೇ), ಸಿಬಿಡಿಯಂಥ ರಾಸಾಯನಿಕಗಳ ಮೇಲೆ. ಎಲೆಯ ಅಗಲದಿಂದ ಅದು ತಿಳಿಯುವುದಿಲ್ಲ.

60 ದಿನದ ಮಾತೂ ಹಾಗೇ. ಸಾಮಾನ್ಯವಾಗಿ ಅದು ಹೂವು ಕಟ್ಟಲು ಶುರುವಾದ ಮೇಲಿನ ಲೆಕ್ಕ, ಬಿತ್ತಿದ ದಿನದಿಂದ ಅಲ್ಲ. ಅದೂ ಹೊರದೇಶಗಳಲ್ಲಿ ಕೋಣೆಯೊಳಗೆ ದೀಪ ಉರಿಸಿ ಬೆಳೆಸುವವರ ಲೆಕ್ಕ.

ಇನ್ನು ಬೀಜಕ್ಕೆ ಅಡ್ಡಿ ಇಲ್ಲ ಅನ್ನುವುದು. ಇಲ್ಲೇ ರೈತ ಸಿಕ್ಕಿಬೀಳುವುದು. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತುದಿ. ಬರೀ ಬೀಜ, ಬರೀ ಎಲೆ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ, ನಿಜ. ಆದರೆ ಪರವಾನಗಿ ಇಲ್ಲದೆ ಗಿಡ ಬೆಳೆಸುವುದೇ ಅಪರಾಧ. 20ನೇ ಕಲಮಿನ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ತಳಿ ಯಾವುದು ಅಂತ ಕಾಯ್ದೆ ಕೇಳುವುದಿಲ್ಲ. ಬೀಜ ಮಾರಿದವನು ಎಲ್ಲೋ ಇರುತ್ತಾನೆ, ಉತಾರದಲ್ಲಿ (ಪಹಣಿಯಲ್ಲಿ) ಇರುವುದು ನಿಮ್ಮ ಹೆಸರು.

ಉತ್ತರಾಖಂಡದಲ್ಲಿ ಬೆಳೆಯುತ್ತಾರಲ್ಲ ಅಂತ ಕೆಲವರು ವಾದಿಸುತ್ತಾರೆ. ಅಲ್ಲಿ ಸರ್ಕಾರ ಲೈಸೆನ್ಸ್ ಕೊಡುವುದು ನಾರು ಮತ್ತು ಬೀಜದ ಬೆಳೆಗೆ, ಟಿಎಚ್‌ಸಿ ಶೇ 0.3 ದಾಟಬಾರದು. ನಿಮಗೆ ತೋರಿಸಿದ್ದು ಅಮಲಿನ ತಳಿ.

ನಿಮ್ಮ ನಿಜವಾದ ತೊಂದರೆ ಬಿಲ್ಲಿನದು ಅಲ್ವಾ? ಅದನ್ನೇ ಹಿಡಿಯಿರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಕಾರ್ಖಾನೆ ಕಬ್ಬು ತೆಗೆದುಕೊಂಡ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ತೂಕದ ಚೀಟಿಗಳನ್ನು ಜೋಡಿಸಿ ಜಿಲ್ಲಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಸುಮ್ನೆ ಬಾಯಿಮಾತಿಗೆ ಬೆಲೆ ಇಲ್ಲ. ಸಾಧ್ಯವಾದರೆ ಊರಿನ ನಾಲ್ಕು ಮಂದಿ ಕೂಡಿ ಹೋಗಿ.

ಸಾಲಿನ ನಡುವೆ ಏನಾದರೂ ಹಾಕಲೇಬೇಕೆಂದರೆ ಹಸಿರೆಲೆ ಗೊಬ್ಬರದ ಸೆಣಬು ಹಾಕಿ. ದ್ವಿದಳ ಬೆಳೆ, ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿಯುತ್ತದೆ. 45–50 ದಿನಕ್ಕೆ, ಹೂವು ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿಬಿಡಿ. ನಾರು ಬಲಿತರೆ ಕೊಳೆಯುವುದು ತಡ. ಕೃಷ್ಣಾ, ಘಟಪ್ರಭಾ ನೀರು ಜಾಸ್ತಿ ಕುಡಿದು ಸವಳಾದ ಹೊಲವಾದರೆ ಸೆಣಬಿಗಿಂತ ಡಯಂಚಾ ಅನ್ನುವ ಹಸಿರೆಲೆ ಗೊಬ್ಬರದ ಗಿಡ ವಾಸಿ. ಇದರಿಂದ ಕೈಗೆ ರೊಕ್ಕ ಬರುವುದಿಲ್ಲ, ಗೊಬ್ಬರದ ಖರ್ಚು ಇಳಿಯುತ್ತದೆ.

ಪ್ರಶ್ನೆ: ಹೊಲ ಲಾವಣಿಗೆ (ಗುತ್ತಿಗೆಗೆ) ಕೊಟ್ಟಿದ್ದೇವೆ. ಹಿಡಿದವರು ಕದ್ದು ಗಾಂಜಾ ಬೆಳೆದರೆ ನಮಗೇನೂ ಸಂಬಂಧ ಇಲ್ಲ ಅಲ್ವಾ?
– ಓದುಗ, ರಾಯಬಾಗ

ಉತ್ತರ: ಗೊತ್ತಿದ್ದೂ ಸುಮ್ಮನಿದ್ದರೆ ಸಂಬಂಧ ಇದೆ. ತನ್ನ ಜಮೀನಿನಲ್ಲಿ ಇಂಥ ಬೆಳೆ ಇದ್ದರೆ ಕೂಡಲೇ ಪೊಲೀಸರಿಗೆ ತಿಳಿಸುವುದು ಭೂಮಿ ಹೊಂದಿದವರ ಕರ್ತವ್ಯ ಎಂದು ಅದೇ ಕಾಯ್ದೆಯ 46ನೇ ಕಲಮು ಹೇಳುತ್ತದೆ. ತಿಳಿದೂ ಮುಚ್ಚಿಟ್ಟರೆ ಶಿಕ್ಷೆ ಇದೆ. ಲಾವಣಿ ಪತ್ರ ಬರೆಸಿಕೊಳ್ಳಿ, ಆಗಾಗ ಹೊಲದ ನಡುವೆ ಹಾಯ್ದು ಬನ್ನಿ. ಬದುವಿನ ಮೇಲೆ ನಿಂತರೆ ಎತ್ತರದ ಕಬ್ಬಿನ ಒಳಗಡೆ ಏನೂ ಕಾಣುವುದಿಲ್ಲ.

ಪ್ರಶ್ನೆ: ಬದುವಿಗೆ ಪುಂಡಿ ಹಾಕಿದ್ದೇನೆ. ಪಟ್ಟಣದಿಂದ ಬಂದ ನೆಂಟರು ಎಲೆ ನೋಡಿ ‘ಇದು ಗಾಂಜಾ, ಕಿತ್ತು ಹಾಕು’ ಅಂದರು. ಕೀಳಬೇಕಾ?
– ಓದುಗಳು, ಇಂಡಿ ತಾಲೂಕು

ಉತ್ತರ: ಕೀಳಬೇಡಿ ಅಕ್ಕಾ. ಪುಂಡಿ ಎಲೆ ಬೆರಳು ಬಿಡಿಸಿದ ಅಂಗೈ ಹಾಗಿರುವುದರಿಂದ ಬಹಳ ಜನ ಗಾಬರಿ ಬೀಳುತ್ತಾರೆ. ಒಂದು ಎಲೆ ಕಿತ್ತು ನೋಡಿ. ಪುಂಡಿಯ ಸೀಳುಗಳು ಬುಡದಲ್ಲಿ ಒಂದೇ ಎಲೆಯಾಗಿ ಕೂಡಿರುತ್ತವೆ. ಗಾಂಜಾದಲ್ಲಿ ಪ್ರತಿ ಬೆರಳೂ ಬೇರೆ ಬೇರೆ ಕಿರುಎಲೆ, ಎಲ್ಲವೂ ತೊಟ್ಟಿನ ತುದಿಗೆ ಬಂದು ಸೇರುತ್ತವೆ. ಪುಂಡಿಯ ದಂಟಿಗೆ ಕೈಯಾಡಿಸಿದರೆ ಸಣ್ಣ ಮುಳ್ಳು ಚುಚ್ಚುತ್ತವೆ. ಎಲೆ ಹುಳಿ. ಹೂವು ಬೆಂಡೆ ಹೂವಿನಂತೆ ದೊಡ್ಡದು, ತಿಳಿ ಹಳದಿ, ನಡುವೆ ಕಡುಗೆಂಪು. ಗಾಂಜಾ ಹೂವಿಗೆ ಅಂಥ ದಳಗಳೇ ಇಲ್ಲ. ಹಸಿರು ಗೊಂಚಲು, ಮುಟ್ಟಿದರೆ ಅಂಟು, ಘಾಟು ವಾಸನೆ. ಹೂವು ಬಿಟ್ಟಾಗ ನೆಂಟರಿಗೆ ಒಂದು ಫೋಟೊ ಕಳಿಸಿ. ಅಲ್ಲಿಯವರೆಗೆ ಎಳೆ ಕುಡಿ ಚಿವುಟಿ ಪಲ್ಯ ಮಾಡಿಕೊಳ್ಳಿ. ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ.