ಹಳೆ ಮಾರ್ಕೆಟ್ಟು, ಹೊಸ ಗುರುತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದಕ್ಷಿಣ ಮುಂಬೈಯ ಹಳೇ ಮುನ್ಸಿಪಲ್ ಮಾರ್ಕೆಟ್ಟಿನಲ್ಲಿ ನಮ್ಮದೊಂದು ತೆಂಗಿನಕಾಯಿ, ಬಾಳೆಎಲೆ ಗಾಳೆ (ಮಳಿಗೆ) ಇದೆ. ಕಟ್ಟಡದ ಜೀರ್ಣೋದ್ಧಾರ ಮುಗಿಯುತ್ತ ಬಂತು. ವ್ಯಾಪಾರಿ ಸಂಘ ಕರೆಸಿದ ಡಿಸೈನರ್ ಒಂದು ಇಂಗ್ಲಿಷ್ ಹೆಸರು, ಗಡಿಯಾರ ಗೋಪುರದ ಲೋಗೊ ತಂದಿದ್ದಾರೆ. ಮುಂದಿನ ಸಭೆಯಲ್ಲಿ ಒಪ್ಪಿಗೆ ಕೇಳುತ್ತಾರಂತೆ. ಏನು ಹೇಳಲಿ? (ಮಾಟುಂಗದಿಂದ ಒಬ್ಬ ಓದುಗರು)

ಉತ್ತರ: ಹೆಸರನ್ನು ಒಪ್ಪಬೇಡಿ. ಲೋಗೊವನ್ನು ಸದ್ಯ ಪಕ್ಕಕ್ಕಿಡಿಸಿ.

ಹಳೇ ಮಾರ್ಕೆಟ್ಟಿನ ದೊಡ್ಡ ಬಂಡವಾಳವೇ ಜನ ಕರೆಯುವ ಹೆಸರು. ಕ್ರಾಫರ್ಡ್ ಮಾರ್ಕೆಟ್ಟಿನ ಅಧಿಕೃತ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಯಿ (ಮಂಡಯಿ ಎಂದರೆ ಮರಾಠಿಯಲ್ಲಿ ಮಾರ್ಕೆಟ್ಟು). ಆದರೂ ಟ್ಯಾಕ್ಸಿ ಹತ್ತಿದವರು ಕ್ರಾಫರ್ಡ್ ಎಂದೇ ಹೇಳುತ್ತಾರೆ. ಪುಣೆಯಲ್ಲಿ 1886ರಲ್ಲಿ ರೇ ಮಾರ್ಕೆಟ್ ಎಂದು ತೆರೆದದ್ದು ಇಂದು ಮಹಾತ್ಮ ಫುಲೆ ಮಂಡಯಿ. ಊರವರಿಗೆ ಬರೀ ‘ಮಂಡಯಿ’. ಅಧಿಕೃತ ಹೆಸರು, ರೂಢಿಯ ಹೆಸರು ಎರಡೂ ಇರುವಲ್ಲಿ ಮೂರನೆಯದನ್ನು ತಂದರೆ ಗಿರಾಕಿ ಫೋನಿನ ಮ್ಯಾಪಿನಲ್ಲಿ ಹುಡುಕಿ ಸುಸ್ತಾಗುತ್ತಾನೆ, ಅಷ್ಟೇ. ಅಧಿಕೃತ ಹೆಸರು ಪೂರ್ತಿಯಾಗಿ ಮುಖ್ಯ ಬಾಗಿಲ ಮೇಲಿರಲಿ; ಚೀಲ, ಬಿಲ್ಲು, ಮ್ಯಾಪುಗಳಲ್ಲಿ ರೂಢಿಯ ಹೆಸರಿರಲಿ. ರೂಢಿಯ ಹೆಸರು ಯಾವುದೆಂದು ಸಭೆಯಲ್ಲಿ ವಾದ ಮಾಡುವ ಬದಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರುವ ಐವತ್ತು ಗಿರಾಕಿಗಳನ್ನು ಕೇಳಿ: “ಎಲ್ಲಿದ್ದೀರಿ ಅಂತ ಮನೆಯಿಂದ ಫೋನು ಬಂದರೆ ಏನನ್ನುತ್ತೀರಿ?” ಬಂದ ಮಾತನ್ನು ಹಾಗೇ ಬರೆದುಕೊಳ್ಳಿ.

ಇನ್ನು ಗೋಪುರ. ಬ್ರಿಟಿಷರ ಕಾಲದ ಮಾರ್ಕೆಟ್ಟುಗಳಲ್ಲಿ ಗೋಪುರ ತೀರಾ ಸಾಮಾನ್ಯ. ಚಿಕ್ಕದಾಗಿ ಅಚ್ಚು ಹಾಕಿದರೆ ಯಾವ ಊರಿನದೆಂದೂ ತಿಳಿಯುವುದಿಲ್ಲ. ಕಟ್ಟಡದ ಹತ್ತಿರ ಹೋಗಿ ನೋಡಬೇಕು. ವಿಲಿಯಂ ಎಮರ್ಸನ್ ವಿನ್ಯಾಸದಲ್ಲಿ 1869ರಲ್ಲಿ ಮುಗಿದ ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಮಾಡಿದ ಉಬ್ಬುಶಿಲ್ಪಗಳಿವೆ. ಅಲ್ಲಿ ಹೊಲದಲ್ಲಿ ದುಡಿಯುವ ರೈತರಿದ್ದಾರೆ. ಮಾರ್ಕೆಟ್ಟು ಯಾರಿಂದ ನಡೆಯುತ್ತದೆಂದು ಆ ಕಲ್ಲೇ ಹೇಳುತ್ತದೆ. ನಿಮ್ಮಲ್ಲೂ ಬೀಡು ಕಬ್ಬಿಣದ ಬ್ರ್ಯಾಕೆಟ್ಟು, ಕಿಟಕಿಯ ಜಾಲಿ, ಗಾಳೆಗಳ ಹಳೇ ನಂಬರು ಪಟ್ಟಿ ಇದ್ದೇ ಇರುತ್ತವೆ. ಒಂದೊಂದನ್ನೂ ಎದುರಿನಿಂದ ನೇರವಾಗಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆದು, ಅದರ ಮೇಲೆ ಗೆರೆ ಎಳೆಯಲು ಡಿಸೈನರ್‌ಗೆ ಹೇಳಿ.

ಯಾವುದೇ ಗುರುತು ಬಂದರೂ ಪರದೆ ಮೇಲೆ ನೋಡಿ ಒಪ್ಪಬೇಡಿ. 15 ಮಿ.ಮೀ. ರಬ್ಬರ್ ಸ್ಟ್ಯಾಂಪ್ ಮಾಡಿಸಿ ಕಾಗದದ ಪೊಟ್ಟಣದ ಮೇಲೆ ಒತ್ತಿ. ಬಿಲ್ಲಿನ ಥರ್ಮಲ್ ಪ್ರಿಂಟರಿನಲ್ಲಿ ತೆಗೆಯಿರಿ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿರುವುದರಿಂದ ನಿಮ್ಮ ಗುರುತು ಹೆಚ್ಚಾಗಿ ಬಟ್ಟೆ ಮತ್ತು ಕಾಗದದ ಚೀಲದ ಮೇಲೆಯೇ ಓಡಾಡುತ್ತದೆ. ಒರಟು ಬಟ್ಟೆಗೂ ಸ್ಕ್ರೀನ್ ಪ್ರಿಂಟ್ ಮಾಡಿಸಿ ನೋಡಿ; ಗೆರೆಗಳ ನಡುವಿನ ಅಂತರ 1 ಮಿ.ಮೀ.ಗಿಂತ ಕಿರಿದಾದರೆ ಮಸಿ ತುಂಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೊನೆಗೆ ತಗಡು ಕತ್ತರಿಸಿ ಹಣ್ಣಿನ ಪೆಟ್ಟಿಗೆ ಮೇಲೆ ಸ್ಟೆನ್ಸಿಲ್ ಹೊಡೆಯಿರಿ. ದೇವನಾಗರಿಯ ವ, ಬ ಅಕ್ಷರಗಳ ಹೊಟ್ಟೆ, ಕನ್ನಡದ ಸೊನ್ನೆ ತಗಡಿನಿಂದ ಕಳಚಿ ಬೀಳುತ್ತವೆ. ಅವನ್ನು ಹಿಡಿದಿಡುವ ಸಣ್ಣ ಸೇತುವೆಗಳನ್ನು ಡಿಸೈನರ್ ಮೊದಲೇ ಬರೆದಿರಬೇಕು. ಈ ನಾಲ್ಕರಲ್ಲಿ ಒಂದರಲ್ಲಿ ಸೋತರೂ ತಿದ್ದಲು ಹೇಳಿ.

ಗಾಳೆ ನಂಬರು ಮಾತ್ರ ಯಾವ ಕಾರಣಕ್ಕೂ ಬದಲಾಯಿಸಲು ಬಿಡಬೇಡಿ. ಲೈಸೆನ್ಸು, ಬಿಲ್ಲು, ಮಾಲು ತರುವ ಟೆಂಪೊದವನ ನೆನಪು ಎಲ್ಲ ಅದರ ಮೇಲೇ ನಿಂತಿವೆ. ವಿಭಾಗ ತಿಳಿಯಬೇಕಿದ್ದರೆ ಹಳೇ ನಂಬರಿನ ಮುಂದೆ ಒಂದು ಅಕ್ಷರ ಸೇರಿಸಿದರೆ ಸಾಕು: 42 ಇದ್ದದ್ದು ‘ಬಿ-42’ ಆಗಲಿ.

ಪ್ರಶ್ನೆ: ಪಾರಂಪರಿಕ ಕಲ್ಲುಗೋಡೆಗೆ ಬೋರ್ಡು ಕೂರಿಸಲು ಕಂತ್ರಾಟುದಾರರು ಆ್ಯಂಕರ್ ಬೋಲ್ಟು ಹೊಡೆಯುತ್ತೇವೆ ಅನ್ನುತ್ತಾರೆ. ಸರಿಯೇ? (ಫೋರ್ಟ್)

ಉತ್ತರ: ಬೇಡ. ಮೊದಲು ಅನುಮತಿ. ಮುಂಬೈಯಲ್ಲಿ 1995ರಿಂದ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಇದೆ. ಮೊದಲ ಮತ್ತು ಎರಡನೇ ದರ್ಜೆಯ ಕಟ್ಟಡದ ಹೊರಮೈ ಬದಲಾಗುವುದಿದ್ದರೆ ಅರ್ಜಿ ಪಾಲಿಕೆಯ ಮೂಲಕ ಪರಂಪರೆ ಸಂರಕ್ಷಣಾ ಸಮಿತಿಗೆ ಹೋಗುತ್ತದೆ. ಅಳತೆಯಿರುವ ಗೋಡೆ ನಕ್ಷೆ, ಬೋಲ್ಟು ಕೂರುವ ಜಾಗದ ಅಡ್ಡಕೊಯ್ತ, ಲೋಹದ ಮಾದರಿ ಜೊತೆಗಿರಲಿ. ಒಪ್ಪಿಗೆ ಕೈಗೆ ಬರುವವರೆಗೆ ಬೋರ್ಡಿಗೆ ಅಡ್ವಾನ್ಸ್ ಕೊಡಬೇಡಿ.

ಆ್ಯಂಕರ್ ಬೋಲ್ಟು ತೂತಿನೊಳಗೆ ಹಿಗ್ಗಿ ಹಿಡಿಯುತ್ತದೆ. ಆ ಒತ್ತಡಕ್ಕೆ ಕಲ್ಲಿನ ಅಂಚು ಸಿಡಿಯುತ್ತದೆ. ಮಾಮೂಲಿ ಕಬ್ಬಿಣದ್ದಾದರೆ ಇನ್ನೂ ಕೆಟ್ಟದ್ದು. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ ಹಲವು ಪಟ್ಟು ಉಬ್ಬಿ, ಕೆಲ ಮಳೆಗಾಲಗಳಲ್ಲಿ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಹಗುರ ಬೋರ್ಡಾದರೆ ಕಲ್ಲನ್ನು ಮುಟ್ಟದೆ ಕಲ್ಲುಗಳ ನಡುವಿನ ಸಂದಿನಲ್ಲಿ ಸ್ಟೇನ್‌ಲೆಸ್ ಸರಳು ಇಟ್ಟು ಸುಣ್ಣದ ಗಾರೆ ತುಂಬಿಸಿ. ಸಂದನ್ನು ಮುಂದೆ ಮತ್ತೆ ತುಂಬಬಹುದು, ಒಡೆದ ಕಲ್ಲು ಮರಳಿ ಬರುವುದಿಲ್ಲ. ಸಿಮೆಂಟು ಬಳಸಿದರೆ ಒದ್ದೆ ಹೊರಹೋಗಲು ದಾರಿಯಿಲ್ಲದೆ ಪಕ್ಕದ ಕಲ್ಲು ಉದುರತೊಡಗುತ್ತದೆ. ಭಾರದ ಬೋರ್ಡಿಗೆ ನೆಲದ ಮೇಲೆ ನಿಲ್ಲುವ ಸ್ವತಂತ್ರ ಚೌಕಟ್ಟೇ ಸರಿ.

ಸಮುದ್ರದ ಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಚಹಾ ಬಣ್ಣದ ಕಲೆ ಬೀಳುತ್ತದೆ. 316 ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಲ್ಯೂಮಿನಿಯಂ ಬೋರ್ಡಿಗೆ ಸ್ಟೀಲ್ ಬೋಲ್ಟು ಹಾಕುವಲ್ಲಿ ನೈಲಾನ್ ವಾಷರ್ ಇಲ್ಲದಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಒಳಗೆ ತೂಗುಹಾಕುವ ದಾರಿಫಲಕದ ಕೆಳ ಅಂಚು ನೆಲದಿಂದ ಕನಿಷ್ಠ 2.7 ಮೀಟರ್ ಇರಲಿ. ಮಾಲ್‌ಗಳ ಅಳತೆಯಲ್ಲಿ ತೂಗಿಸಿದರೆ ತಲೆ ಮೇಲೆ ಬುಟ್ಟಿ ಹೊತ್ತು ಬರುವ ಪಾಟಿವಾಲಾನಿಗೆ ದಿನವಿಡೀ ಅದೇ ಅಡ್ಡ. ಆತ ಕುತ್ತಿಗೆ ಬಗ್ಗಿಸುವಂತಾದರೆ ಆ ವಿನ್ಯಾಸ ಮಾರ್ಕೆಟ್ಟಿನದ್ದಲ್ಲ.

ಪ್ರಶ್ನೆ: ಅಂಗಡಿ ಬೋರ್ಡಿನಲ್ಲಿ ಕನ್ನಡವೂ ಇರಲೆಂದು ಆಸೆ. ಕಾನೂನು ಬಿಡುತ್ತದೆಯೇ? (ಗೋರೆಗಾಂವ್)

ಉತ್ತರ: ಧಾರಾಳವಾಗಿ ಹಾಕಿ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ 2022ರ ತಿದ್ದುಪಡಿಯಂತೆ ಮರಾಠಿ ಹೆಸರು ದೇವನಾಗರಿಯಲ್ಲಿ ಮೊದಲು ಬರಬೇಕು, ಅದರ ಅಕ್ಷರ ಬೇರೆ ಯಾವ ಭಾಷೆಯ ಅಕ್ಷರಕ್ಕಿಂತಲೂ ಚಿಕ್ಕದಾಗಿರಬಾರದು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೂ ಇದು ಅನ್ವಯ. ಅದರ ಕೆಳಗೆ ಕನ್ನಡಕ್ಕೆ ಜಾಗವಿದೆ.

ಎಡವುವುದು ಅಕ್ಷರದಲ್ಲಿ. ಮರಾಠಿಯ ಲ ಮತ್ತು ಶ ಹಿಂದಿಯಂತೆ ಬರೆಯುವುದಿಲ್ಲ. ಫಾಂಟಿನಲ್ಲಿ ಮರಾಠಿ ರೂಪ ಆರಿಸದಿದ್ದರೆ ಬೋರ್ಡು ಊರಿನವರಿಗೆ ಪರಕೀಯವಾಗಿ ಕಾಣುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ದೇವನಾಗರಿಯ ತಲೆಗೆರೆ ತುಂಡಾಗುತ್ತದೆ. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಚಾಲೂ ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಮುಂಬೈಯದೇ ಆದ ಏಕ್ ಟೈಪ್ ಸಂಸ್ಥೆಯ ‘ಅನೇಕ್’ ಫಾಂಟು ಉಚಿತ. ದೇವನಾಗರಿ, ಕನ್ನಡ ಎರಡೂ ಒಂದೇ ಮೈಕಟ್ಟಿನಲ್ಲಿವೆ. ಎರಡನ್ನೂ ಫಾಂಟ್ ಸೈಜಿನ ಅಂಕಿ ನೋಡಿ ಹೊಂದಿಸಬೇಡಿ, ಅಚ್ಚು ತೆಗೆದು ಅಕ್ಷರದ ಮೈ ಅಳೆಯಿರಿ. ಓದುವ ದೂರ 3 ಮೀಟರಿಗೆ 25 ಮಿ.ಮೀ. ಎತ್ತರ ಲೆಕ್ಕ ಹಿಡಿಯಿರಿ. ಮೇಲಿನ ಮಾತ್ರೆ, ಕೆಳಗಿನ ಒತ್ತು ಅದರಲ್ಲಿ ಸೇರುವುದಿಲ್ಲ, ಅವಕ್ಕೆ ಬೇರೆ ಜಾಗ ಬಿಡಬೇಕು.

ಪ್ರಶ್ನೆ: ದುಡ್ಡು ಕೊಟ್ಟ ಮೇಲೆ ಲೋಗೊ ನಮ್ಮದೇ ತಾನೇ? (ಪುಣೆ)

ಉತ್ತರ: ತನ್ನಿಂತಾನೇ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ‘ಪೂರ್ಣ ಅವಧಿಗೆ’ ಎಂದು ಬರೆಸಿ. ಕಟ್ಟಡ ಪಾಲಿಕೆಯದಾದರೆ ಗುರುತು ಯಾರ ಹೆಸರಿನಲ್ಲಿರಬೇಕು, ಪಾಲಿಕೆಯದೋ ಸಂಘದ್ದೋ ಎಂಬುದನ್ನು ಕೆಲಸಕ್ಕೆ ಮೊದಲೇ ಕಾಗದದಲ್ಲಿ ತೀರ್ಮಾನಿಸಿ. ಟ್ರೇಡ್‌ಮಾರ್ಕ್ ಅರ್ಜಿ 35ನೇ ವರ್ಗದಲ್ಲಿ (ವ್ಯಾಪಾರ ಸೇವೆಗಳ ವರ್ಗ). ಆನ್‌ಲೈನ್ ಶುಲ್ಕ ವ್ಯಕ್ತಿ ಮತ್ತು ಸಣ್ಣ ಉದ್ದಿಮೆಗೆ 4,500 ರೂ., ಉಳಿದವರಿಗೆ 9,000 ರೂ.; ಹತ್ತು ವರ್ಷಕ್ಕೊಮ್ಮೆ ನವೀಕರಣ. ಊರಿನ ಹೆಸರು, ‘ಮಾರ್ಕೆಟ್’ ಎಂಬ ಮಾತು ಬರೀ ಪದವಾಗಿ ನೋಂದಣಿಯಾಗುವುದು ಕಷ್ಟ, ಚಿತ್ರದೊಂದಿಗೆ ಸಲ್ಲಿಸಿ. ಕೊನೇ ಕಂತು ಕೊಡುವ ಮೊದಲು ವೆಕ್ಟರ್ ಫೈಲು (ಎಷ್ಟು ಹಿಗ್ಗಿಸಿದರೂ ಗೆರೆ ಕೆಡದ್ದು), ಒಂದೇ ಬಣ್ಣದ ರೂಪ, ಸ್ಟೆನ್ಸಿಲ್ ರೂಪ, ಫಾಂಟಿನ ಲೈಸೆನ್ಸು, ಬಣ್ಣಗಳ ನಂಬರು ಎಲ್ಲ ಕೈಗೆ ಬಂದಿವೆಯೇ ನೋಡಿಕೊಳ್ಳಿ.